ಬೆಳಕಿನ ಮೇಲೆ ಸಂಶೋಧನೆ ಮಾಡಿ ಏನು ಸಿಗುತ್ತದೆ?

ಓದುಗರ ಪತ್ರ: "ಸಂಪಾದಕರಿಗೆ ನಮಸ್ಕಾರ. ನಾನು ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು. ಮಗಳು ಬಳ್ಳಾರಿಯಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಓದುತ್ತಿದ್ದಾಳೆ, ಇದು ಕೊನೇ ವರ್ಷ. ಮುಂದೆ ಬೆಳಕಿನ ವಿಷಯದಲ್ಲೇ ಪಿಎಚ್.ಡಿ. ಮಾಡುತ್ತೇನೆ ಅನ್ನುತ್ತಾಳೆ. ಅವಳ ಜೊತೆಗಿದ್ದು ಕಂಪ್ಯೂಟರ್ ಕಡೆ ಹೋದ ಹುಡುಗರು ಬೆಂಗಳೂರಲ್ಲಿ ಆಗಲೇ ದುಡಿಯುತ್ತಿದ್ದಾರೆ. ಎಲ್ಲವೂ ಕಂಪ್ಯೂಟರಿನಲ್ಲೇ ನಡೆಯುವ ಈ ಕಾಲದಲ್ಲಿ ಬೆಳಕಿನ ಸಂಶೋಧನೆ ಯಾರಿಗೆ ಬೇಕು? ನಮ್ಮ ಭಾಗದ ವಿಶ್ವವಿದ್ಯಾಲಯಗಳೂ ಇಂಥದ್ದಕ್ಕೆ ದುಡ್ಡು ಹಾಕುವ ಬದಲು ಇನ್ನೆರಡು ಕಂಪ್ಯೂಟರ್ ಲ್ಯಾಬ್ ಕಟ್ಟಬಾರದೇ? ನೀವಾದರೂ ಅವಳಿಗೆ ಬುದ್ಧಿ ಬರುವ ಹಾಗೆ ನಾಲ್ಕು ಮಾತು ಬರೆಯಿರಿ."

ಸಂಪಾದಕರ ಉತ್ತರ:

ಯಜಮಾನರೇ, ನಾಲ್ಕು ಮಾತು ಬರೆಯುತ್ತೇನೆ, ಆದರೆ ನಿಮಗೇ ಬರೆಯುತ್ತೇನೆ. ಸಿಟ್ಟಾಗಬೇಡಿ. ಮಗಳ ಬಗ್ಗೆ ಇಷ್ಟು ಯೋಚನೆ ಮಾಡಿ, ಊರ ಪತ್ರಿಕೆಗೆ ಕೈಬರಹದಲ್ಲಿ ಪತ್ರ ಬರೆಯುವ ತಂದೆ ಈಗ ಎಷ್ಟು ಜನ ಸಿಗುತ್ತಾರೆ?

ಮೊದಲು ನಿಮ್ಮ ಮಾತಿನಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಒಪ್ಪುತ್ತೇನೆ. ಎಂ.ಸಿ.ಎ. ಮಾಡಿದವರಿಗೆ ಬೇಗ ಕೆಲಸ ಸಿಗುತ್ತದೆ, ಮನೆಗೆ ಬೇಗ ಸಂಬಳ ಬರುತ್ತದೆ. ಸಾಲ ಇರುವ ಮನೆಗೆ ಅದು ಸಣ್ಣ ಮಾತಲ್ಲ. ಕಂಪ್ಯೂಟರ್ ಸೈನ್ಸ್ ಕೂಡ ದೊಡ್ಡ ವಿದ್ಯೆ. ಇಷ್ಟು ಹೇಳಿದ ಮೇಲೆ ನನ್ನ ಮಾತಿಗೆ ಬರುತ್ತೇನೆ.

ನಿಮ್ಮ ಗಿರಣಿಯಲ್ಲಿ ಅಕ್ಕಿ ಆರಿಸುವ ಸಾರ್ಟೆಕ್ಸ್ ಮಷಿನ್ ಇದೆಯಲ್ವಾ? ಇರಲೇಬೇಕು. ಸಿಂಧನೂರು, ಗಂಗಾವತಿ ಕಡೆಯ ಸೋನಾಮಸೂರಿ ಈಗ ಅದಿಲ್ಲದೆ ಮಾರುಕಟ್ಟೆ ಹತ್ತುವುದಿಲ್ಲ. ಒಮ್ಮೆ ಅದರ ಮುಂದೆ ನಿಂತು ನೋಡಿ. ಅಕ್ಕಿ ಮೇಲಿನಿಂದ ಜಾರು ಹಲಗೆಯ ಮೇಲೆ ಒಂದೇ ಪದರವಾಗಿ ಜಾರಿ ಬೀಳುತ್ತದೆ. ಬೀಳುವ ದಾರಿಯಲ್ಲಿ ಎರಡೂ ಕಡೆ ದೀಪ, ಎರಡೂ ಕಡೆ ಕ್ಯಾಮೆರಾ. ಕಪ್ಪು ಕಾಳು, ಹಳದಿ ಕಾಳು, ಕಲ್ಲು ಕಂಡರೆ ಕೆಲವೇ ಮಿಲಿಸೆಕೆಂಡಿನಲ್ಲಿ ಕೆಳಗಿನ ನಳಿಗೆಯಿಂದ ಗಾಳಿ ಊದಿ ಆ ಒಂದು ಕಾಳನ್ನು ಆಚೆ ತಳ್ಳುತ್ತದೆ. ಇದು ಕಂಪ್ಯೂಟರ್ ಕೆಲಸ ಎಂದು ನೀವು ಹೇಳಬಹುದು. ಆದರೆ ಕಾಳಿನ ಮೇಲೆ ಯಾವ ಬಣ್ಣದ ಬೆಳಕು ಬಿಡಬೇಕು, ಎದುರಿನಿಂದ ಬಿಡಬೇಕೋ ಹಿಂದಿನಿಂದ ಬಿಡಬೇಕೋ, ಹೊಟ್ಟೆ ಬಿಳಿಯಾದ ಕಾಳು ಒಳ್ಳೆಯ ಕಾಳಿಗಿಂತ ಬೆಳಕನ್ನು ಹೇಗೆ ಬೇರೆ ಥರ ಚದುರಿಸುತ್ತದೆ, ಬಣ್ಣದಲ್ಲಿ ಅಕ್ಕಿಯಂತೆಯೇ ಕಾಣುವ ಕಲ್ಲನ್ನು ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ನಲ್ಲಿ ಹೇಗೆ ಹಿಡಿಯಬೇಕು, ಇದೆಲ್ಲ ತಿಳಿದವರು ಬೆಳಕನ್ನು ಓದಿದವರೇ. ಬೆಳಕು ತಪ್ಪಾಗಿ ಬಿದ್ದರೆ ಎಂಥ ಪ್ರೋಗ್ರಾಂ ಬರೆದರೂ ಅಕ್ಕಿ ಸ್ವಚ್ಛ ಆಗುವುದಿಲ್ಲ. ನೀವು ದಿನಾ ಬರೆಯುವ ಲೆಕ್ಕದಲ್ಲಿ ಕ್ವಿಂಟಲ್‌ಗೆ ಜಾಸ್ತಿ ಸಿಗುವ ಆ ರೇಟು ಎಲ್ಲಿಂದ ಬಂತು, ಹೇಳಿ?

"ಎಲ್ಲವೂ ಕಂಪ್ಯೂಟರಿನಲ್ಲೇ ನಡೆಯುತ್ತದೆ" ಎಂದು ಬರೆದಿದ್ದೀರಿ. ಆ ಕಂಪ್ಯೂಟರ್ ಎಲ್ಲಿಂದ ಬರುತ್ತದೆ ಅಂತ ಒಮ್ಮೆ ನೋಡೋಣ. ಇವತ್ತಿನ ಒಳ್ಳೆಯ ಕಂಪ್ಯೂಟರ್ ಚಿಪ್‌ಗಳ ಮೇಲಿನ ಗೆರೆಗಳನ್ನು ಬರೆಯುವುದೇ ಬೆಳಕು. ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಕಂಪನಿಯ ಮಷಿನ್‌ನಲ್ಲಿ ಕರಗಿದ ತವರದ ಸಣ್ಣ ಹನಿಗಳು ಸೆಕೆಂಡಿಗೆ ಸುಮಾರು 50,000 ಬೀಳುತ್ತವೆ. ಪ್ರತಿ ಹನಿಗೂ ಲೇಸರ್ ಹೊಡೆಯುತ್ತದೆ. ಆಗ 13.5 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಹುಟ್ಟುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರ್, ಹೋಲಿಸಿ ನೋಡಿ. ಈ ಬೆಳಕನ್ನು ಗಾಜು ನುಂಗುತ್ತದೆ, ಗಾಳಿಯೂ ನುಂಗುತ್ತದೆ. ಹಾಗಾಗಿ ಎಲ್ಲವೂ ನಿರ್ವಾತದಲ್ಲೇ ನಡೆಯಬೇಕು, ಲೆನ್ಸ್ ಬದಲು ಕನ್ನಡಿಗಳೇ ಬೇಕು. ಬೆಂಗಳೂರಿನ ಹುಡುಗರು ಕೂತು ಕೋಡ್ ಬರೆಯುವ ಆ ಲ್ಯಾಪ್‌ಟಾಪಿನ ಹಿಂದೆ ಹೀಗೆ ಹತ್ತಾರು ವರ್ಷ ಬೆಳಕಿನ ಹಿಂದೆ ಬಿದ್ದವರ ದುಡಿಮೆ ಇದೆ.

ಇಂಟರ್‌ನೆಟ್ ವಿಷಯವೂ ಅದೇ. 1966ರಲ್ಲಿ ಚಾರ್ಲ್ಸ್ ಕಾವ್, ಜಾರ್ಜ್ ಹಾಕಮ್ ಎಂಬ ಇಬ್ಬರು ಒಂದು ಲೇಖನ ಬರೆದರು. ಗಾಜಿನ ಎಳೆಯೊಳಗೆ ಒಂದು ಕಿಲೋಮೀಟರ್ ಹೋದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು, ಅದರಲ್ಲಿ ಮಾತು ಕಳಿಸಬಹುದು, ಗಾಜಿನೊಳಗಿನ ಕಲ್ಮಶ ತೆಗೆದರೆ ಇದು ಆಗುವ ಕೆಲಸ ಅಂತ ಅದರ ತಿರುಳು. ಆಗಿನ ಗಾಜಿನಲ್ಲಿ ಅಷ್ಟೂ ಉಳಿಯುತ್ತಿರಲಿಲ್ಲ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಅಂಥ ಎಳೆ ಮಾಡಿ ತೋರಿಸಿತು. ಈಗಿನ ಎಳೆಯಲ್ಲಿ ನೂರು ಕಿಲೋಮೀಟರ್ ಹೋದ ಮೇಲೂ ಆ ಒಂದು ಪಾಲು ಉಳಿಯುತ್ತದೆ. ನಿಮ್ಮ ಸಿಂಧನೂರಿನಿಂದ ಮಗಳ ಹಾಸ್ಟೆಲ್ ಇರುವ ಬಳ್ಳಾರಿಗೆ ಅಷ್ಟು ದೂರವೂ ಇಲ್ಲ. ರಾತ್ರಿ ಊಟ ಆದ ಮೇಲೆ ನೀವು ಅವಳಿಗೆ ವಿಡಿಯೋ ಕಾಲ್ ಮಾಡಿದರೆ ನಿಮ್ಮ ಮುಖ ಬಹುಪಾಲು ದಾರಿ ಬೆಳಕಾಗಿಯೇ ಹೋಗುತ್ತದೆ. ಕಾವ್ ಅವರಿಗೆ ನೊಬೆಲ್ ಸಿಕ್ಕಿದ್ದು 2009ರಲ್ಲಿ. ಲೇಖನ ಬರೆದು 43 ವರ್ಷ ಆದ ಮೇಲೆ.

ಇದಕ್ಕಿಂತಲೂ ನನ್ನನ್ನು ಜಾಸ್ತಿ ಕಾಡುವ ಕಥೆ ಒಂದಿದೆ. ಅದು ನಮ್ಮ ಬೆಂಗಳೂರಿನದ್ದು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪಂಚರತ್ನಂ ಅಂತ ಒಬ್ಬ ಹುಡುಗ ಇದ್ದರು, ಸಿ.ವಿ. ರಾಮನ್ ಅವರ ಶಿಷ್ಯ. ಹರಳುಗಳೊಳಗೆ ಬೆಳಕು ಹೇಗೆ ಹಾದುಹೋಗುತ್ತದೆ ಅಂತ ನೋಡುತ್ತಾ ಕೂತಿದ್ದರು. 1956ರಲ್ಲಿ, ಇನ್ನೂ 22ರ ವಯಸ್ಸಿನಲ್ಲಿ, ಅವರು ಒಂದು ವಿಷಯ ಕಂಡುಕೊಂಡರು. ಬೆಳಕಿನ ಅಲೆ ಕಂಪಿಸುವ ದಿಕ್ಕನ್ನು ಹಂತ ಹಂತವಾಗಿ ಬದಲಾಯಿಸುತ್ತಾ ಹೋಗಿ, ಕೊನೆಗೆ ಶುರುವಾದ ಸ್ಥಿತಿಗೇ ತಂದು ನಿಲ್ಲಿಸಿದರೂ ಆ ಅಲೆ ಮೊದಲಿನ ಹಾಗೇ ಇರುವುದಿಲ್ಲ. ಸ್ವಲ್ಪ ಹಿಂದೆಮುಂದೆ ಆಗಿರುತ್ತದೆ. ಎಷ್ಟು ಆಗುತ್ತದೆ ಅನ್ನುವುದು ಅದು ಸುತ್ತಿ ಬಂದ ದಾರಿಯ ಮೇಲೆ ನಿಂತಿದೆ. ಲೇಖನ ನಮ್ಮ ದೇಶದ ಪತ್ರಿಕೆಯಲ್ಲೇ ಬಂತು. ಹೊರಗೆ ಹೆಚ್ಚು ಜನ ಗಮನಿಸಲಿಲ್ಲ. 1969ರಲ್ಲಿ ಆಕ್ಸ್‌ಫರ್ಡಿನಲ್ಲಿ ಪಂಚರತ್ನಂ ತೀರಿಕೊಂಡರು, 35ರ ವಯಸ್ಸು. 1984ರಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರ್ರಿ ಅಣುಲೋಕದ ಲೆಕ್ಕದಲ್ಲಿ ಇಂಥದ್ದೇ ಒಂದನ್ನು ಕಂಡು ಪ್ರಪಂಚದಲ್ಲೆಲ್ಲ ಹೆಸರಾದಾಗ, ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಹಳೇ ಲೇಖನ ತೆಗೆದು, ನಮ್ಮ ಹುಡುಗ ಇದನ್ನು ಬೆಳಕಿನಲ್ಲಿ ಮೊದಲೇ ಕಂಡಿದ್ದ ಎಂದು ತೋರಿಸಿದರು. ಬೆರ್ರಿ ಅದನ್ನು ಪೂರ್ತಿ ಮನಸ್ಸಿನಿಂದ ಒಪ್ಪಿ ತಾವೇ ಅದರ ಬಗ್ಗೆ ಬರೆದರು. ಈಗ ಆ ಗುಣಕ್ಕೆ ಇಬ್ಬರ ಹೆಸರೂ ಇದೆ. ಕಾಗದದ ಹಾಗೆ ತೆಳ್ಳಗಿರುವ ಚಪ್ಪಟೆ ಲೆನ್ಸ್‌ಗಳನ್ನು ಇದೇ ಗುಣ ಬಳಸಿ ಮಾಡುತ್ತಿದ್ದಾರೆ.

ಆಗ ಯಾರಾದರೂ ಆ ಹುಡುಗನ ತಂದೆಗೆ "ಇದರಿಂದ ಏನು ಸಿಗುತ್ತದೆ" ಅಂತ ಕೇಳಿದ್ದರೆ ಯಾರ ಹತ್ತಿರವೂ ಉತ್ತರ ಇರುತ್ತಿರಲಿಲ್ಲ. 1960ರಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರ್ ಬೆಳಗಿಸಿದಾಗ ದೊಡ್ಡ ಪತ್ರಿಕೆಯೊಂದು ಅವರ ಲೇಖನವನ್ನೇ ವಾಪಸ್ ಕಳಿಸಿತ್ತು. ಇವತ್ತು ಕಣ್ಣಿನ ಆಪರೇಷನ್‌ನಿಂದ ಅಂಗಡಿಯ ಬಾರ್‌ಕೋಡ್‌ವರೆಗೆ ಅದಿಲ್ಲದ ಜಾಗ ಎಲ್ಲಿದೆ?

ಇನ್ನೊಂದು ಮಾತು. ಕಂಪ್ಯೂಟರ್ ಲ್ಯಾಬ್ ಬೇರೆ, ಕಂಪ್ಯೂಟರ್ ಸೈನ್ಸ್ ಸಂಶೋಧನೆ ಬೇರೆ. ನೀವು ಮಾತ್ರ ಅಲ್ಲ, ನಮ್ಮ ಭಾಗದ ಶಾಸಕರೂ, ಕಾಲೇಜು ಆಡಳಿತ ಮಂಡಳಿಗಳೂ ಇವೆರಡನ್ನೂ ಒಂದೇ ಅಂದುಕೊಂಡಿದ್ದಾರೆ. ನಲವತ್ತು ಕಂಪ್ಯೂಟರ್ ತಂದು, ಎಸಿ ಹಾಕಿ, ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಂಡರೆ ಅಲ್ಲಿ ಸಂಶೋಧನೆ ಹುಟ್ಟುವುದಿಲ್ಲ. ಐದಾರು ವರ್ಷಕ್ಕೆ ಆ ಯಂತ್ರಗಳು ಹಳತಾಗಿ ಮೂಲೆ ಸೇರುತ್ತವೆ. ಒಂದು ಒಳ್ಳೆಯ ಆಪ್ಟಿಕ್ಸ್ (ಬೆಳಕಿನ ಪ್ರಯೋಗದ) ಟೇಬಲ್, ಲೇಸರ್, ನಾಲ್ಕು ಲೆನ್ಸ್, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಎರಡು ಪೋಲರೈಸರ್ ಇದ್ದರೆ ಎಷ್ಟೋ ಬ್ಯಾಚ್ ಮಕ್ಕಳು ಅದರ ಮೇಲೆ ಕಲಿಯಬಹುದು. ಅಷ್ಟೇ ಅಲ್ಲ, ಈಗ ಎಲ್ಲರೂ ಕೊಂಡಾಡುವ ಕೃತಕ ಬುದ್ಧಿಮತ್ತೆಗೆ ದಾರಿ ಮಾಡಿದ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ 2024ರಲ್ಲಿ ಬಂದದ್ದು ಭೌತಶಾಸ್ತ್ರದ ನೊಬೆಲ್. ಹಾಪ್‌ಫೀಲ್ಡ್ ಮೂಲತಃ ಭೌತವಿಜ್ಞಾನಿ. ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಮೈಕ್ರೋಸ್ಕೋಪನ್ನು ಮಾಡಿದ ಮನು ಪ್ರಕಾಶ್ ಕಾನ್ಪುರ ಐಐಟಿಯಲ್ಲಿ ಓದಿದ್ದು ಕಂಪ್ಯೂಟರ್ ಸೈನ್ಸ್. ಕಂಪ್ಯೂಟರ್ ಓದಿದವರು ಬೆಳಕಿನ ಕಡೆ ಬಂದಿದ್ದಾರೆ. ನಿಮ್ಮ ಮಗಳು ನಾಳೆ ಕೋಡಿಂಗ್ ಕಲಿಯಲಾರಳೇ? ಈಗಿನ ಆಪ್ಟಿಕ್ಸ್ ಪಿಎಚ್.ಡಿ.ಯಲ್ಲಿ ಅದು ಹೇಗೂ ಕಲಿಯಲೇಬೇಕು.

ಈಗ ನನ್ನ ಹೊಟ್ಟೆಯುರಿಯ ವಿಷಯ. ನಮ್ಮ ಭಾಗದ ಒಂದು ಕಾಲೇಜಿಗೆ ಫೆಬ್ರವರಿ 28ರ ವಿಜ್ಞಾನ ದಿನದ ಕಾರ್ಯಕ್ರಮಕ್ಕೆ ಹೋಗಿದ್ದೆ. ರಾಮನ್ ಫೋಟೋಗೆ ಹಾರ, ಭಾಷಣ, ಶಾಲು ಎಲ್ಲ ಆಯಿತು. ಲ್ಯಾಬ್ ನೋಡೋಣ ಅಂದೆ. ಬೆಳಕಿನ ಬಣ್ಣ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರ್ ಇನ್ನೂ ಡಬ್ಬದಲ್ಲೇ ಇತ್ತು, ಬೀರುವಿಗೆ ಬೀಗ. ಕೇಳಿದರೆ ಅತಿಥಿ ಉಪನ್ಯಾಸಕರು ಮೆಲ್ಲಗೆ ಹೇಳಿದರು: ಮುರಿದರೆ ಸಾಮಾನಿನ ಲೆಕ್ಕದ ಡೆಡ್ ಸ್ಟಾಕ್ ರಿಜಿಸ್ಟರ್‌ನಲ್ಲಿ ಯಾರ ಹೆಸರಿದೆಯೋ ಅವರೇ ದುಡ್ಡು ಕಟ್ಟಬೇಕು ಸರ್. ಆ ಮನುಷ್ಯನ ಸಂಬಳ ನಾಲ್ಕು ತಿಂಗಳಿಂದ ಬಂದಿರಲಿಲ್ಲ. ಅವರನ್ನು ನಾನು ಬೈಯಲಾರೆ. ಸಾಮಾನು ಮುಟ್ಟದಿರುವುದೇ ಕ್ಷೇಮ ಅನ್ನುವ ಪದ್ಧತಿ ಮಾಡಿಟ್ಟವರನ್ನು ಬೈಯುತ್ತೇನೆ. 1928ರಲ್ಲಿ ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಸೂರ್ಯನ ಬೆಳಕು, ಬಣ್ಣದ ಗಾಜು, ತಮ್ಮ ಕಣ್ಣು, ಇಷ್ಟನ್ನು ಇಟ್ಟುಕೊಂಡು ರಾಮನ್ ಪರಿಣಾಮದ ಕೆಲಸ ಶುರು ಮಾಡಿದ್ದರು. ಬಿಸಿಲಿಗೆ ರಾಯಚೂರು, ಬಳ್ಳಾರಿಯಲ್ಲಿ ಏನು ಕಡಿಮೆ?

ದೊಡ್ಡವರ ಕಥೆಯೂ ಇದೇ. ರಾಯಚೂರಿಗೆ ಐಐಟಿ ಕೊಡಿ ಎಂದು, ಪ್ರಾದೇಶಿಕ ಅಸಮಾನತೆ ನೋಡಲು ಸರ್ಕಾರ ನೇಮಿಸಿದ ನಂಜುಂಡಪ್ಪ ಸಮಿತಿ 2002ರಲ್ಲೇ ಹೇಳಿತ್ತು. 2016ರಲ್ಲಿ ಅದು ಧಾರವಾಡದಲ್ಲಿ ಶುರುವಾಯಿತು. ನಮಗೆ 2019ರಲ್ಲಿ ಐಐಐಟಿ ಬಂತು, ಅದೂ ಮೊದಲು ಹೈದರಾಬಾದಿನ ಐಐಟಿ ಆವರಣದಲ್ಲಿ ನಡೆಯಿತು. ಬಂದದ್ದು ಒಳ್ಳೆಯದೇ, ಅಲ್ಲಿಯ ಮಕ್ಕಳು ಚೆನ್ನಾಗಿ ಓದಲಿ. ಆದರೆ ಅದು ಮಾಹಿತಿ ತಂತ್ರಜ್ಞಾನದ ಸಂಸ್ಥೆ. ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಮೂಲ ವಿಜ್ಞಾನದ ಭಾರ ಎಲ್ಲವೂ ರಾಜ್ಯದ ಬಡ ವಿಶ್ವವಿದ್ಯಾಲಯಗಳ ತಲೆ ಮೇಲೆ. ಅವುಗಳಲ್ಲೂ ಕೊಪ್ಪಳದ್ದನ್ನು ಕಣ್ಣು ಬಿಡುವ ಮೊದಲೇ ಮುಚ್ಚುವ ಪಟ್ಟಿಗೆ ಸೇರಿಸಿದರು, 2025ರಲ್ಲಿ. ದೇಶ ಇಡೀ ಸಂಶೋಧನೆಗೆ ಖರ್ಚು ಮಾಡಿದ್ದೇ, 2020-21ರ ಲೆಕ್ಕದಲ್ಲಿ, ಜಿಡಿಪಿಯ ಶೇ. 0.64ರಷ್ಟು. ಅದರಲ್ಲಿ ನಮ್ಮ ಪಾಲಿಗೆ ಏನು ಉಳಿಯುತ್ತದೆ ಎಂದು ನೀವು ಲೆಕ್ಕ ಬರೆಯುವವರು, ನಿಮಗೆ ನಾನು ಹೇಳಬೇಕಾಗಿಲ್ಲ. ಇಂಥ ಹೊತ್ತಿನಲ್ಲಿ ನಮ್ಮವರೇ ಆದ ನೀವು "ಇದೆಲ್ಲ ಯಾರಿಗೆ ಬೇಕು" ಅಂದರೆ ಮೇಲೆ ಕೂತವರಿಗೆ ಇನ್ನೇನು ಬೇಕು?

ಹಾಗಾದರೆ ಇಲ್ಲಿ ಏನು ಮಾಡಬಹುದು ಎನ್ನುತ್ತೀರಾ? ಒಂದು ಹೇಳುತ್ತೇನೆ, ಬಹಳ ದಿನದಿಂದ ಮನಸ್ಸಿನಲ್ಲಿದೆ. ಅಶೋಕನ ಶಾಸನಗಳು ನಮ್ಮ ಮೂರೂ ಜಿಲ್ಲೆಯಲ್ಲಿವೆ. 1915ರಲ್ಲಿ ಸಿಕ್ಕ ಮಸ್ಕಿಯದು, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳ. ಬಂಡೆ ಸವೆದು ಕೆಲವು ಅಕ್ಷರ ಕಣ್ಣಿಗೆ ಹತ್ತುವುದಿಲ್ಲ. ಇದಕ್ಕೆ ಒಂದು ವಿಧಾನ ಇದೆ, 2001ರಲ್ಲಿ ಎಚ್‌ಪಿ ಕಂಪನಿಯ ಟಾಮ್ ಮಾಲ್ಜ್‌ಬೆಂಡರ್ ಮತ್ತು ಜೊತೆಗಾರರು ತೋರಿಸಿಕೊಟ್ಟದ್ದು. ಕ್ಯಾಮೆರಾ ಒಂದೇ ಕಡೆ ನಿಲ್ಲಿಸಿ, ದೀಪವನ್ನು ಮಾತ್ರ ಸುತ್ತಲೂ ಸರಿಸುತ್ತಾ ಹತ್ತಾರು ಫೋಟೋ ತೆಗೆಯುವುದು. ಕಲ್ಲಿನ ಪ್ರತಿ ಚುಕ್ಕೆಯೂ ಯಾವ ಕಡೆ ವಾಲಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆಮೇಲೆ ಪರದೆಯ ಮೇಲೆ ನಮಗೆ ಬೇಕಾದ ಕಡೆಯಿಂದ ಬೆಳಕು ಬಿಟ್ಟು ಓದಬಹುದು. ಒಂದು ಕ್ಯಾಮೆರಾ, ಒಂದು ದೀಪ, ಒಂದು ಕಂಪ್ಯೂಟರ್, ಪುರಾತತ್ವ ಇಲಾಖೆಯ ಅನುಮತಿ. ಫಿಸಿಕ್ಸ್, ಕಂಪ್ಯೂಟರ್ ಸೈನ್ಸ್, ಇತಿಹಾಸ, ಮೂರೂ ವಿಭಾಗದ ಮಕ್ಕಳು ಒಟ್ಟಿಗೆ ಕೂತು ಮಾಡುವ ಕೆಲಸ. ಬಳ್ಳಾರಿ, ರಾಯಚೂರು, ಕೊಪ್ಪಳದ ವಿಶ್ವವಿದ್ಯಾಲಯಗಳ ಯಾವ ಪ್ರಾಧ್ಯಾಪಕರು ಇದನ್ನು ಕೈಗೆತ್ತಿಕೊಂಡರೂ ನಮ್ಮ ಪತ್ರಿಕೆಯ ನಾಲ್ಕು ಪುಟ ಅವರಿಗೆ ಬಿಟ್ಟುಕೊಡುತ್ತೇನೆ.

ಇನ್ನು ನಿಮ್ಮ ಮನೆಯ ಲೆಕ್ಕ. ಮಗಳು ಸಿಎಸ್‌ಐಆರ್ ನೆಟ್ ಪರೀಕ್ಷೆ ಬರೆದು, ಸಂಶೋಧನೆಗೆ ಕೊಡುವ ಫೆಲೋಶಿಪ್ ಆದ ಜೆಆರ್‌ಎಫ್ ತೆಗೆದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್ ಬಂದರೆ ಇನ್‌ಸ್ಪೈರ್ ಫೆಲೋಶಿಪ್‌ಗೂ ಅರ್ಜಿ ಹಾಕಬಹುದು. ಫೆಲೋಶಿಪ್ ಇಲ್ಲದೆ ಸುಮ್ನೆ ಪಿಎಚ್.ಡಿ.ಗೆ ಸೇರಿಸಬೇಡಿ, ಈ ಮಾತಲ್ಲಿ ನಾನು ನಿಮ್ಮ ಕಡೆ. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ ನಿಮಗೆ ಬೆಂಗಳೂರಿಗಿಂತ ಹತ್ತಿರ, ಅಲ್ಲಿ ಲೇಸರ್ ಕೆಲಸ ಚೆನ್ನಾಗಿ ನಡೆಯುತ್ತದೆ. ಅರ್ಜಿ ಹಾಕುವ ಮೊದಲು ಮಗಳನ್ನು ಹತ್ತಿರ ಕೂರಿಸಿಕೊಂಡು, ಬೆಳಕಿನಲ್ಲಿ ಅವಳು ಏನನ್ನು ಹುಡುಕಬೇಕು ಅಂತಿದ್ದಾಳೆ ಎಂದು ಕೇಳಿ. ಪತ್ರದಲ್ಲಿ ಅದನ್ನೊಂದು ನೀವು ಬರೆದಿಲ್ಲ. ಅವಳು ಹೇಳಿದ್ದನ್ನು ಮುಂದಿನ ಪತ್ರದಲ್ಲಿ ನನಗೂ ತಿಳಿಸಿ.