ಮಿಲ್ಲಿಗೆ ಬಿಡುವು, ಸಮುದ್ರಕ್ಕೆ ಬಿಡುವಿಲ್ಲ

ಕಲಬುರಗಿಯ ಓದುಗಿಯೊಬ್ಬರು ಎರಡು ಪುಟ ತುಂಬ ಬರೆದಿದ್ದಾರೆ. ಮದುವೆಯಾಗಿ ಹದಿನಾರು ವರ್ಷ, ಯಜಮಾನರದು ದಾಲ್ ಮಿಲ್, ಮನೆಯಲ್ಲಿ ಮೊಣಕಾಲು ನೋವಿನ ಅತ್ತೆ ಮತ್ತು 13 ವರ್ಷದ ಮಗ. ಚೀಟಿ ಎತ್ತಿ ಎರಡೂವರೆ ಲಕ್ಷ ಕೈಗೆ ಬಂದಿದೆ, ನಾಲ್ವರೂ ಸಮುದ್ರ ನೋಡಿ ಬರಬೇಕು. ಇವರಿಗೆ ಮಾಲ್ದೀವ್ಸ್ ಬೇಕು, ಯಜಮಾನರಿಗೆ ಅಂಡಮಾನ್. ಒಂದು ತಿಂಗಳಿಂದ ಇಬ್ಬರ ನಡುವೆ ಮಾತು ಕಡಿಮೆಯಾಗಿದೆ. ಈ ನಡುವೆ ಹೈದರಾಬಾದಿನ ಮೈದುನ ತಮ್ಮ ಗೆಳೆಯನ ಕಡೆಯಿಂದ ಒಂದು ‘ಆಫರ್’ ತಂದಿದ್ದಾರೆ: ಮಾಲ್ದೀವ್ಸ್, ನೀರಿನ ಮೇಲಿನ ವಿಲ್ಲಾ, ನಾಲ್ಕು ರಾತ್ರಿ, 1,90,000 ರೂಪಾಯಿ. 25,000 ಮುಂಗಡ ಆಗಲೇ ಹೋಗಿದೆ.

‘ಅಂಡಮಾನ್ ಎಲ್ಲಾರೂ ನೋಡ್ಯಾರ್ರಿ. ಮಾಲ್ದೀವ್ಸ್ ಅಂದ್ರ ಅದರ ತೂಕಾನೇ ಬ್ಯಾರೆ. ನೀವೇ ಹೇಳ್ರಿ, ಯಾವುದು ಛಲೋ?’ ಎಂದು ಕೇಳಿದ್ದಾರೆ.

ತಂಗೀ, ನಿಮ್ಮ ಪತ್ರದ ಜೀವ ಇರುವುದು ಆ ಪ್ರಶ್ನೆಯಲ್ಲಲ್ಲ. ಎರಡನೇ ಪುಟದ ಕೆಳಗೆ, ಸಹಿಗಿಂತ ಸ್ವಲ್ಪ ಮೇಲೆ, ಹೀಗೊಂದು ಸಾಲು ಬರೆದಿದ್ದೀರಿ: ‘ತಾರೀಖಿಂದು ಚಿಂತಿ ಇಲ್ರಿ, ಜುಲೈ ಎರಡನೇ ವಾರ ಅಂತ ಆಗ್ಯದ, ಆವಾಗ ಮಿಲ್ಲಿನಾಗ ಕೆಲಸ ಇರಂಗಿಲ್ಲ.’ ಚಿಂತೆ ಮಾಡಬೇಕಾದದ್ದು ಅದೊಂದೇ. ಪ್ರವಾಸಕ್ಕೆ ಮೊದಲು ಪಂಚಾಂಗ ತೆರೆಯಬೇಕು, ನಕ್ಷೆ ಆಮೇಲೆ. ಈ ಅಂಕಣದಲ್ಲಿ ಇದನ್ನು ಎಷ್ಟು ಸಲ ಬರೆದರೂ ಜನ ಮೊದಲು ಫೋಟೋ ನೋಡುತ್ತಾರೆ, ಆಮೇಲೆ ಮುಂಗಡ ಕೊಡುತ್ತಾರೆ, ಕೊನೆಗೆ ತಿಂಗಳು ಯಾವುದು ಎಂದು ನೋಡುತ್ತಾರೆ.

ಜುಲೈಯಲ್ಲಿ ನೀವು ಹೇಳಿದ ಎರಡೂ ಕಡೆ ನೈಋತ್ಯ ಮುಂಗಾರು ಇರುತ್ತದೆ. ಅಂಡಮಾನ್‌ಗಂತೂ ಕೇರಳಕ್ಕಿಂತ ಮೊದಲೇ, ಮೇ ಮೂರನೇ ವಾರದ ಹೊತ್ತಿಗೆ ಮಳೆ ಕಾಲಿಡುತ್ತದೆ. ವರ್ಷಕ್ಕೆ ಅಲ್ಲಿ ಸುಮಾರು 3000 ಮಿಲಿಮೀಟರ್ ಸುರಿಯುತ್ತದೆ, ಕಲಬುರಗಿಯಲ್ಲಿ ಅದರ ಮೂರನೇ ಒಂದು ಭಾಗವೂ ಬೀಳುವುದಿಲ್ಲ. ನಮ್ಮ ಕಡೆ ಜುಲೈ ಮಳೆಯೆಂದರೆ ಬಿತ್ತಿದ ತೊಗರಿ ನೋಡಿಕೊಂಡು ಬಜ್ಜಿ ತಿನ್ನುವ ಸುಖ. ಅಲ್ಲಿ ತೊಂದರೆ ಮಳೆಗಿಂತ ಗಾಳಿಯದು. ಗಾಳಿ ಎದ್ದರೆ ಅಲೆ ಏಳುತ್ತದೆ, ಅಲೆ ಎದ್ದರೆ ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗು ನಿಲ್ಲುತ್ತದೆ. ಹ್ಯಾವ್‌ಲಾಕ್‌ಗೆ (2018ರಿಂದ ಅದು ಸ್ವರಾಜ್ ದ್ವೀಪ) ಹೋದವರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಹಡಗಿನವರು ತಮ್ಮ ಟಿಕೆಟ್ ಹಣ ಹಿಂದಿರುಗಿಸಬಹುದು, ಮರುದಿನದ ವಿಮಾನದ ಟಿಕೆಟ್ ಮಾತ್ರ ನೀರಿಗೆ ಹೋದ ಹಾಗೆ. ಅದೇ ದ್ವೀಪದ ರಾಧಾನಗರ ಬೀಚಿನಲ್ಲಿ ಕೆಂಪು ಬಾವುಟ ಹಾರುತ್ತಿದ್ದರೆ ನಿಮ್ಮ ಮಗ ನೀರನ್ನು ದಡದಿಂದಲೇ ನೋಡಬೇಕಾಗುತ್ತದೆ.

ಮಾಲ್ದೀವ್ಸ್‌ನಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಇದೇ ಗಾಳಿ. ದಿನವಿಡೀ ಸುರಿಯುವುದಿಲ್ಲ ನಿಜ, ಬಂದು ಹೋಗುವ ಮಳೆಯೇ ಹೆಚ್ಚು, ನಡುವೆ ಬಿಸಿಲೂ ಬೀಳುತ್ತದೆ. ಹಾಗಂತ ಆ ಬಿಸಿಲು ನಿಮ್ಮ ನಾಲ್ಕು ದಿನಗಳಲ್ಲೇ ಬೀಳುತ್ತದೆಂದು ಯಾರೂ ಬರೆದು ಕೊಡುವುದಿಲ್ಲ. ಜುಲೈಯಲ್ಲಿ ಬೇಕೆಂದೇ ಅಲ್ಲಿಗೆ ಹೋಗುವವರಿದ್ದಾರೆ. ಬಾ ಅಟಾಲ್ ಎಂಬ ಹವಳದ್ವೀಪಗಳ ಗುಂಪಿನ ಹನಿಫಾರು ಕೊಲ್ಲಿಯಲ್ಲಿ ಆಗ ಮಾಂಟಾ ರೇ ಎಂಬ ದೈತ್ಯ ಮೀನುಗಳು ಮೇಯಲು ಬರುತ್ತವೆ. ನೀವು ಕೇಳುತ್ತಿರುವುದು ನೀಲಿ ನೀರು, ಬಿಳಿ ಮರಳಿನ ಫೋಟೋ. ಅದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಸರಕು.

ಹಾಗಾಗಿ ‘ಆಫರ್’ ಏಕೆ ಬಂತೆಂದು ಮೈದುನರನ್ನು ಕೇಳಿ. ಹೋಟೆಲುಗಳು ಖಾಲಿ ಇರುವ ಕಾಲದಲ್ಲಿ ಬೆಲೆ ಇಳಿಯುತ್ತದೆ, ಅದು ನಿಮ್ಮ ಮೇಲಿನ ಪ್ರೀತಿಯಿಂದಲ್ಲ. ನಿಮ್ಮ ಯಜಮಾನರ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ತೊಗರಿ ಡಿಸೆಂಬರ್ ಕೊನೆಗೆ ಮಂಡಿಗೆ ಬರಲು ಶುರುವಾದರೆ ಅವರಿಗೆ ಉಸಿರಾಡಲು ಪುರುಸೊತ್ತಿಲ್ಲ, ಅದಕ್ಕೇ ಜುಲೈ ಎಂದರು. ಬೇಳೆ ವ್ಯಾಪಾರಿಗೆ ಸಮುದ್ರದ ಋತು ಗೊತ್ತಿರಬೇಕೆಂದೇನಿಲ್ಲ. ಪ್ಯಾಕೇಜ್ ಮಾರುವವನಿಗೆ ಗೊತ್ತಿರಬೇಕು, ಅವನಿಂದ ತಂದುಕೊಟ್ಟವರಿಗೂ ಗೊತ್ತಿರಬೇಕು. ಮನೆಯ ಮಂದಿ ತಿಂಗಳಿಡೀ ಜಗಳವಾಡುತ್ತಿರುವಾಗ ಮುಂಗಡ ಕೊಟ್ಟು ಸುಮ್ಮನೆ ಕೂತ ಮೈದುನರದೇ ಇಲ್ಲಿ ದೊಡ್ಡ ತಪ್ಪು.

ಆ 1,90,000ದ ಲೆಕ್ಕವನ್ನೂ ಬಿಡಿಸಿ ನೋಡೋಣ. ‘ಟ್ರಾನ್ಸ್‌ಫರ್ ಎಕ್ಸ್‌ಟ್ರಾ ಅಂತ ಬರದಾರ, ಸಣ್ಣದಿರಬೇಕು’ ಎಂದಿದ್ದೀರಿ. ಮಾಲೆಯ ವಿಮಾನ ನಿಲ್ದಾಣದಿಂದ ರೆಸಾರ್ಟಿಗೆ ಹೋಗುವುದಕ್ಕೆ ಟ್ರಾನ್ಸ್‌ಫರ್ ಎನ್ನುತ್ತಾರೆ. ಹತ್ತಿರದ ದ್ವೀಪವಾದರೆ ಸ್ಪೀಡ್‌ಬೋಟ್, ದೂರದ್ದಾದರೆ ನೀರಿನ ಮೇಲಿಳಿಯುವ ಸೀಪ್ಲೇನ್. ಸೀಪ್ಲೇನ್‌ಗೆ ಹೋಗಿಬರಲು ತಲೆಗೆ 400 ಡಾಲರ್‌ಗಿಂತ ಕಡಿಮೆಗೆ ಸಿಗುವುದು ಅಪರೂಪ. ಮಕ್ಕಳ ದರ ಸಾಮಾನ್ಯವಾಗಿ 12 ತುಂಬುವವರೆಗೆ ಮಾತ್ರ, ನಿಮ್ಮ ಮಗನಿಗೆ 13. ಅಲ್ಲಿಗೆ ನಾಲ್ಕು ದೊಡ್ಡವರ ಟಿಕೆಟ್, ಒಂದೂಕಾಲು ಲಕ್ಷ ರೂಪಾಯಿ ದಾಟಿತು. ಸೀಪ್ಲೇನ್ ಹಗಲಿನಲ್ಲಿ ಮಾತ್ರ ಹಾರುತ್ತದೆ. ನಿಮ್ಮ ವಿಮಾನ ಮಧ್ಯಾಹ್ನ ಮೂರೂವರೆಯ ಆಚೆ ಇಳಿದರೆ ಆ ರಾತ್ರಿ ಮಾಲೆಯಲ್ಲೇ ಕಳೆಯಬೇಕು, ಆ ಖರ್ಚು ಮತ್ತೆ ನಿಮ್ಮದೇ. ಇನ್ನು ಬೆಲೆಯ ಮುಂದೆ ಎರಡು ಕೂಡಿಸುವ ಚಿಹ್ನೆ ಇದೆಯೇ ನೋಡಿ. ಇದ್ದರೆ 10 ಶೇಕಡ ಸೇವಾ ಶುಲ್ಕ, ಅದರ ಮೇಲೆ 17 ಶೇಕಡ ಪ್ರವಾಸೋದ್ಯಮ ತೆರಿಗೆ ಬೀಳುತ್ತದೆ. 200 ಡಾಲರ್ ಎಂದ ಕೋಣೆ ಬಿಲ್ಲಿನಲ್ಲಿ 257 ಆಗುತ್ತದೆ. ಇದಲ್ಲದೆ ರೆಸಾರ್ಟಿನಲ್ಲಿ ತಲೆಗೆ ರಾತ್ರಿಗೆ 12 ಡಾಲರ್ ಹಸಿರು ತೆರಿಗೆ, ನಾಲ್ವರಿಗೆ ನಾಲ್ಕು ರಾತ್ರಿಗೆ 192 ಡಾಲರ್. ನೀರಿನ ಮೇಲಿನ ವಿಲ್ಲಾಗಳು ಹೆಚ್ಚಾಗಿ ಇಬ್ಬರಿಗೆಂದೇ ಕಟ್ಟಿದವು. ನಾಲ್ವರೆಂದರೆ ಎರಡು ವಿಲ್ಲಾ ಕೇಳುತ್ತಾರೆ. ನಾಲ್ವರಲ್ಲಿ ಯಾರ ಹತ್ತಿರ ಪಾಸ್‌ಪೋರ್ಟ್ ಇದೆಯೆಂದೂ ನೀವು ಬರೆದಿಲ್ಲ, ಅದು ಬೇರೆ ಮಾತು.

ಅಗ್ಗದ ದಾರಿಯೂ ಇದೆ, ಮಾಫುಶಿಯಂಥ ಊರಿರುವ ದ್ವೀಪದ ಗೆಸ್ಟ್‌ಹೌಸ್. ಸಣ್ಣ ಗೆಸ್ಟ್‌ಹೌಸ್‌ಗಳಲ್ಲಿ ಹಸಿರು ತೆರಿಗೆ 6 ಡಾಲರ್, ಮಾಲೆಯಿಂದ ಸ್ಪೀಡ್‌ಬೋಟಿನಲ್ಲಿ ಮುಕ್ಕಾಲು ಗಂಟೆಯೊಳಗೆ ಮುಟ್ಟಬಹುದು. ಅದರಲ್ಲಿ ಮಾಲ್ದೀವ್ಸ್ ನಿಜಕ್ಕೂ ಕೈಗೆಟಕುತ್ತದೆ. ಆದರೆ ನಿಮಗೆ ಬೇಕಾದ ‘ತೂಕ’ದ ಫೋಟೋ ಅಲ್ಲಿ ಸಿಗುವುದಿಲ್ಲ, ನಿಮಗೇ ಬೇಸರವಾಗುತ್ತದೆ.

ಅತ್ತೆಯವರ ಬಗ್ಗೆ ನೀವು ಅರ್ಧ ಸಾಲು ಬರೆದಿದ್ದೀರಿ: ದೇವರ ಪೆಟ್ಟಿಗೆ ಇಲ್ಲದೆ ಊರು ದಾಟುವುದಿಲ್ಲ, ಪೂಜೆಯಾಗದೆ ನೀರೂ ಮುಟ್ಟುವುದಿಲ್ಲ. ಮಾಲ್ದೀವ್ಸ್‌ನ ಕಸ್ಟಮ್ಸ್ ನಿಯಮದಲ್ಲಿ ಪೂಜೆಯ ವಿಗ್ರಹಗಳನ್ನು ದೇಶದೊಳಗೆ ತರುವಂತಿಲ್ಲ. ಮದ್ಯಕ್ಕೂ ಇದೇ ಕಟ್ಟು. ಅವರ ದೇಶ, ಅವರ ನಿಯಮ, ಅದರಲ್ಲಿ ವಾದವಿಲ್ಲ. ಆ ವಯಸ್ಸಿನಲ್ಲಿ ಅವರ ಪೆಟ್ಟಿಗೆಯನ್ನು ಕೌಂಟರಿನ ಮೇಲೆ ಬಿಚ್ಚಿಸುವ ಪ್ರಸಂಗ ಮಾತ್ರ ನೀವು ತಂದುಕೊಳ್ಳಬೇಡಿ. ಇಡೀ ಪತ್ರದಲ್ಲಿ ನನಗೆ ಹೆಚ್ಚು ಮರುಕ ಹುಟ್ಟಿದ್ದು ಅವರ ಬಗ್ಗೆಯೇ. ಎಲ್ಲಿಗೆ ಹೋಗಬೇಕೆಂದು ಅವರನ್ನು ಯಾರೂ ಕೇಳಿದ ಹಾಗಿಲ್ಲ.

ಜುಲೈ ಬಿಟ್ಟರೆ ಬೇರೆ ದಾರಿಯೇ ಇಲ್ಲವೆಂದರೆ ಶ್ರೀಲಂಕಾದ ಪೂರ್ವ ಕರಾವಳಿ ನೋಡಿ. ಮುಂಗಾರು ತನ್ನ ಮಳೆಯನ್ನೆಲ್ಲ ಪಶ್ಚಿಮದಲ್ಲೂ ನಡುವಿನ ಗುಡ್ಡಗಳಲ್ಲೂ ಸುರಿಸಿಬಿಡುವುದರಿಂದ ತ್ರಿಂಕೋಮಲೈ, ನಿಲಾವೇಲಿ, ಪಾಸಿಕುಡಾ ಜುಲೈಯಲ್ಲಿ ಒಣಗಿರುತ್ತವೆ, ಸಮುದ್ರ ಶಾಂತವಾಗಿರುತ್ತದೆ. ತ್ರಿಂಕೋಮಲೈಯ ಬಂಡೆಯ ತುದಿಯಲ್ಲಿ ಕೋಣೇಶ್ವರ ದೇವಸ್ಥಾನವೂ ಇದೆ. ಆದರೆ ಕೊಲಂಬೊದಿಂದ ರಸ್ತೆಯಲ್ಲಿ ಸುಮಾರು ಆರು ಗಂಟೆ, ಮೊಣಕಾಲಿಗೆ ಅದು ಶಿಕ್ಷೆ. ಅದಕ್ಕೂ ಪಾಸ್‌ಪೋರ್ಟ್ ಬೇಕೇ ಬೇಕು.

ನನ್ನ ತೀರ್ಪು ಇದು: ಏಪ್ರಿಲ್ ಎರಡನೇ ವಾರ, ಅಂಡಮಾನ್. ಶರಣಬಸವೇಶ್ವರ ಜಾತ್ರೆ ಮುಗಿದಿರುತ್ತದೆ, ಯುಗಾದಿ ಮುಗಿದಿರುತ್ತದೆ, ಮಗನ ಪರೀಕ್ಷೆಯೂ ಮುಗಿದಿರುತ್ತದೆ. ಮಂಡಿಗೆ ಬರುವ ತೊಗರಿ ಗಾಡಿಗಳು ಅಷ್ಟರಲ್ಲಿ ಕಡಿಮೆಯಾಗಿರುತ್ತವೆ, ಆರು ದಿನ ಮುನೀಮರು ಮಿಲ್ ನೋಡಿಕೊಂಡರೆ ಆಕಾಶ ಕಳಚಿ ಬೀಳುವುದಿಲ್ಲ. ಕಲಬುರಗಿ 40 ಡಿಗ್ರಿ ದಾಟಿ ಕಾಯುತ್ತಿರುವಾಗ ಅಲ್ಲಿ 32ರ ಆಸುಪಾಸು, ಸಮುದ್ರ ಕನ್ನಡಿಯಂತೆ, ನೀರಿನೊಳಗೆ ಹವಳ ಸ್ಪಷ್ಟ. ಜನವರಿಗಿಂತ ಏಪ್ರಿಲ್ ನೀರೇ ಚೆಂದ ಎನ್ನುವ ಮುಳುಗುಗಾರರು ಬಹಳ.

ದಿನಾಂಕ ಆರಿಸುವಾಗ ನಿಜವಾದ ಪಂಚಾಂಗವನ್ನೇ ತೆಗೆಯಿರಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ-ಇಳಿತ ದೊಡ್ಡದು, ಅಷ್ಟಮಿಯ ಹೊತ್ತಿಗೆ ಸಣ್ಣದು. ಹ್ಯಾವ್‌ಲಾಕ್‌ನ ಪೂರ್ವ ದಡದಲ್ಲಿ, ಅಂದರೆ ಹೆಚ್ಚಿನ ಹೋಟೆಲುಗಳಿರುವ ಕಡೆ, ದೊಡ್ಡ ಇಳಿತದಲ್ಲಿ ನೀರು ದೂರ ಸರಿದು ಬರೀ ಕಲ್ಲು-ಹವಳ ಕಾಣುತ್ತದೆ. ‘ಬೀಚ್ ವ್ಯೂ ಎಂದು ಕೊಟ್ಟು ಕೆಸರು ತೋರಿಸಿದರು’ ಎಂದು ಜನ ಹೋಟೆಲಿನವರ ಮೇಲೆ ಹರಿಹಾಯುವುದು ಇದಕ್ಕೇ. ಜೆಟ್ಟಿಯ ಕಟ್ಟೆಗೂ ಹಡಗಿಗೂ ಇರುವ ಎತ್ತರದ ಅಂತರವೂ ಇದೇ ಲೆಕ್ಕದಲ್ಲಿ ಏರಿಳಿಯುತ್ತದೆ. ಅತ್ತೆಯವರ ಕಾಲಿಗೆ ಅಷ್ಟಮಿಯ ಸುತ್ತಿನ ದಿನಗಳೇ ಸುಲಭ.

ದಾರಿ ಹೀಗೆ. ಹುಮನಾಬಾದ್, ಜಹೀರಾಬಾದ್ ಮೇಲೆ ಕಾರಿನಲ್ಲಿ ಹೈದರಾಬಾದಿಗೆ ಹೋಗಿ, ಹೊರವರ್ತುಲ ರಸ್ತೆ ಹಿಡಿದು ಶಂಷಾಬಾದ್ ನಿಲ್ದಾಣ ಸೇರಿ. ಐದು ಗಂಟೆ ಇಟ್ಟುಕೊಳ್ಳಿ. ನೇರ ವಿಮಾನ ಸಿಗದಿದ್ದರೆ ಚೆನ್ನೈ ಮೇಲೆ. ಪೋರ್ಟ್‌ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರು, ಟಿಕೆಟಿನಲ್ಲಿ ಎರಡರಲ್ಲಿ ಯಾವುದಿದ್ದರೂ ಗಾಬರಿಯಾಗಬೇಡಿ. ಮೊದಲ ರಾತ್ರಿ ಅಲ್ಲಿ, ಮಧ್ಯಾಹ್ನ ಸೆಲ್ಯುಲಾರ್ ಜೈಲು. ಮರುದಿನ ಬೆಳಗಿನ ಹಡಗಿಗೆ ಹ್ಯಾವ್‌ಲಾಕ್, ಅಲ್ಲಿ ಮೂರು ರಾತ್ರಿ. ಐದನೇ ದಿನ ವಾಪಸ್ಸು ಬಂದು ಕೊನೆಯ ರಾತ್ರಿ ಕಡ್ಡಾಯವಾಗಿ ಶ್ರೀ ವಿಜಯಪುರಂನಲ್ಲೇ ಮಲಗಿ, ಬೆಳಗಿನ ಹಡಗು ನಂಬಿ ಅದೇ ದಿನ ವಿಮಾನ ಹತ್ತುವ ಧೈರ್ಯ ಬೇಡ. ನೀಲ್ ದ್ವೀಪ ಬಿಡಿ, ಇನ್ನೊಂದು ಜೆಟ್ಟಿ ಹತ್ತಿಳಿಯಬೇಕು. ಬಾರಾಟಾಂಗ್ ಎಂಬ ಇನ್ನೊಂದು ದ್ವೀಪವನ್ನೂ ಬಿಡಿ.

ಹಡಗಿನಲ್ಲಿ ಕೆಳಗಿನ ಅಂತಸ್ತಿನ ನಡುವಿನ ಸೀಟು ಕೇಳಿ, ಅಲುಗಾಟ ಅಲ್ಲಿ ಕಡಿಮೆ. ವಾಂತಿ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮುಂಚೆ ನುಂಗಬೇಕು, ತಲೆ ಸುತ್ತಿದ ಮೇಲೆ ನುಂಗಿದರೆ ಅದೂ ಹೊರಗೇ. ಗಡಿಯಾರ ನಮ್ಮದೇ, ಆದರೆ ಊರು ಬಹಳ ಪೂರ್ವಕ್ಕಿದೆ. ಏಪ್ರಿಲ್‌ನಲ್ಲಿ ಐದಕ್ಕೆ ಬೆಳಕು ಹರಿದು ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಕಲಬುರಗಿಗಿಂತ ಒಂದು ಗಂಟೆ ಮುಂಚೆ. ರಾಧಾನಗರದ ಸೂರ್ಯಾಸ್ತಕ್ಕೆ ಮೂರೂವರೆಗೇ ಹೊರಡಿ, ಜೀವರಕ್ಷಕರು ಗುರುತಿಸಿದ ಜಾಗದಲ್ಲೇ ನೀರಿಗಿಳಿಯಿರಿ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ತಮಾಷೆಯಲ್ಲ. ಮಗನಿಗೆ ಸ್ಕೂಬಾ ಆಸೆಯಿದ್ದರೆ ಹ್ಯಾವ್‌ಲಾಕ್‌ನ ಮೊದಲ ಎರಡು ದಿನಗಳಲ್ಲೇ ಮಾಡಿಸಿ. ಮುಳುಗಿ ಎದ್ದ ಮೇಲೆ ವಿಮಾನ ಹತ್ತಲು 18 ಗಂಟೆ ಬಿಡಬೇಕು, ಇಲ್ಲದಿದ್ದರೆ ರಕ್ತದಲ್ಲಿ ಉಳಿದ ಸಾರಜನಕ ಮೇಲಿನ ಕಡಿಮೆ ಒತ್ತಡದಲ್ಲಿ ಗುಳ್ಳೆಗಟ್ಟಬಹುದು. ಹವಳದ ಚೂರು, ಕಪ್ಪೆಚಿಪ್ಪು ಚೀಲದಲ್ಲಿ ತುಂಬಿಕೊಳ್ಳಬೇಡಿ. ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ, ವನ್ಯಜೀವಿ ಕಾಯ್ದೆಯ ಮಾತು.

ಮಾಲ್ದೀವ್ಸ್ ಎಲ್ಲಿಗೂ ಓಡಿಹೋಗುವುದಿಲ್ಲ. ಎಂದಾದರೂ ಫೆಬ್ರವರಿಯಲ್ಲಿ ಗಂಡ-ಹೆಂಡತಿ ಇಬ್ಬರೇ ಹೋಗಿ, ಒಂದೇ ವಿಲ್ಲಾ ಸಾಕಾಗುತ್ತದೆ.

ಈಗ ನೀವು ಮಾಡಬೇಕಾದದ್ದು ಒಂದೇ. ಇವತ್ತು ಸಂಜೆ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೈದುನರಿಗೆ ಫೋನ್ ಹಚ್ಚಿ, ಜುಲೈ ರದ್ದು ಎಂದು ಹೇಳಿ. 25,000 ವಾಪಸ್ಸು ಬರುತ್ತದೋ, ಇಲ್ಲ ಏಪ್ರಿಲ್‌ನ ಅಂಡಮಾನ್‌ಗೆ ಜಮೆಯಾಗುತ್ತದೋ ಎಂಬುದನ್ನು ಬಾಯಿಮಾತಲ್ಲಿ ಬೇಡ, ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಲು ಹೇಳಿ. ಗೆಳೆಯ ಕೊಡದಿದ್ದರೆ ತಂದವರೇ ತುಂಬಿಕೊಡಲಿ.

ಅತ್ತೆಯವರ ದೇವರ ಪೆಟ್ಟಿಗೆ ಈ ಸಲ ನಿರಾತಂಕವಾಗಿ ಕೈಚೀಲದಲ್ಲಿ ಹೋಗುತ್ತದೆ. ಕರ್ಪೂರ, ಬೆಂಕಿಪೊಟ್ಟಣ ಮಾತ್ರ ಹೊರಗೆ ತೆಗೆದಿಡಿ, ವಿಮಾನದಲ್ಲಿ ಎರಡಕ್ಕೂ ಅನುಮತಿಯಿಲ್ಲ. ಶ್ರೀ ವಿಜಯಪುರಂನ ಅಂಗಡಿಯಲ್ಲಿ ಕೊಂಡರಾಯಿತು.