ಸಂಖ್ಯಾಶಾಸ್ತ್ರವನ್ನು ಮುಂದೂಡುತ್ತಾ ಬಂದ ಹುಡುಗಿ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಗೆ 19 ವರ್ಷ. ತಂದೆತಾಯಿ ಮೈಸೂರು ಕಡೆಯವರು, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಬಹಳ ಕಾಲವಾಗಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಕ್ಯಾಂಪಸ್‌ನಲ್ಲಿ ಸೀಟು ಸಿಗದೆ, ನಾನು ವಿದ್ಯಾರ್ಥಿಗಳಿಗೆ ಓದಿನ ಸಲಹೆ ಕೊಡುವ ಕೆಲಸ ಮಾಡುವ ಕಮ್ಯುನಿಟಿ ಕಾಲೇಜಿಗೆ ಸೇರಿದ್ದಳು. ಎರಡು ವರ್ಷ ಇಲ್ಲಿ ಓದಿ ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ಹೋಗುವುದು ಈ ರಾಜ್ಯದಲ್ಲಿ ತೀರಾ ಮಾಮೂಲು. ಇಂಥ ಕಾಲೇಜುಗಳೇ 116 ಇವೆ. ನಮ್ಮವರು ಮಾತ್ರ ಇದನ್ನು ಸೋತವರ ದಾರಿ ಎಂದೇ ನೋಡುತ್ತಾರೆ. ಊರಿನ ನೆಂಟರ ಪಾಲಿಗೆ ಈಕೆ ಆಗಲೇ ‘ಯೂನಿವರ್ಸಿಟಿ’ಯಲ್ಲಿದ್ದಳು.

ಅವಳು ಬಂದದ್ದು ಮೂರನೆಯ ಸೆಮಿಸ್ಟರಿನ ಆರಂಭದಲ್ಲಿ, ಸೆಪ್ಟೆಂಬರ್ ಮೊದಲ ವಾರ. ನಿದ್ದೆ ಬರುತ್ತಿಲ್ಲ ಎಂದಳು. ಅಂಕಪಟ್ಟಿ ತೆರೆದೆ. ಮನೋವಿಜ್ಞಾನ ಪ್ರವೇಶ, ಸಾಮಾಜಿಕ ಮನೋವಿಜ್ಞಾನ, ಅಸಹಜ ಮನೋವಿಜ್ಞಾನ, ಎಲ್ಲದರಲ್ಲೂ ‘ಎ’. ಸಂಖ್ಯಾಶಾಸ್ತ್ರದ ಎದುರು ಮಾತ್ರ ‘ಡಬ್ಲ್ಯೂ’, ಅಂದರೆ ಅರ್ಧಕ್ಕೆ ಬಿಟ್ಟದ್ದು. ನಾನು ಆ ಸಾಲಿಗೆ ಬಂದಾಗ ಅವಳು ಪರದೆಯಿಂದ ಕಣ್ಣು ತೆಗೆದು ನೀರಿನ ಬಾಟಲಿಯ ಮುಚ್ಚಳ ತಿರುವತೊಡಗಿದಳು.

ಮನಸ್ಸಿನ ವಿಷಯ ಓದುವವರಿಗೆ ಲೆಕ್ಕ ಏಕೆ ಎಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಾರೆ. ಒಂದು ಚಿಕಿತ್ಸೆಯಿಂದ ಗುಣವಾಯಿತೋ ತಾನಾಗಿಯೇ ಗುಣವಾಯಿತೋ ಎಂದು ತೂಗಿ ನೋಡಲು ಬೇರೆ ಉಪಾಯವಿಲ್ಲ ಎನ್ನುವುದೇ ನನ್ನ ಉತ್ತರ. ಈಕೆಯ ಕಷ್ಟ ಇನ್ನೂ ಹತ್ತಿರದ್ದು. ಸಂಶೋಧನಾ ವಿಧಾನಗಳ ತರಗತಿಗೆ ಸೇರಲು ಸಂಖ್ಯಾಶಾಸ್ತ್ರ ಮೊದಲು ಮುಗಿದಿರಬೇಕು. ಮುಂದಿನ, ಅಂದರೆ ವಸಂತದ ಸೆಮಿಸ್ಟರಿನಲ್ಲಿ ಸಂಖ್ಯಾಶಾಸ್ತ್ರ ತೆಗೆದುಕೊಂಡರೆ ಸಂಶೋಧನಾ ವಿಧಾನ ಬೇಸಿಗೆಗೆ ಹೋಗುತ್ತದೆ. ವಿಶ್ವವಿದ್ಯಾಲಯಕ್ಕೆ ವರ್ಗಾವಣೆಯಾಗಲು ಬೇಕಾದ ಈ ಪಾಠಗಳು ವಸಂತದೊಳಗೇ ಮುಗಿಯಬೇಕು. ಇಷ್ಟದ ವಿಷಯಗಳನ್ನು ಮೊದಲು ಓದಿ ಮುಗಿಸಿದ್ದರಿಂದ ಬಂದ ಬಿಕ್ಕಟ್ಟು ಇದು. ಅಸಹಜ ಮನೋವಿಜ್ಞಾನವನ್ನು ಎಷ್ಟೋ ವಿಶ್ವವಿದ್ಯಾಲಯಗಳು ಮೂರನೆಯ, ನಾಲ್ಕನೆಯ ವರ್ಷದಲ್ಲಿ ಕಲಿಸುತ್ತವೆ. ಇಲ್ಲಿ ಪಡೆದ ‘ಎ’ ಅಲ್ಲಿನ ಆ ಪಾಠಕ್ಕೆ ಬದಲಾಗಿ ನಿಲ್ಲುವುದು ಅಪರೂಪ.

ಆ ಸೆಮಿಸ್ಟರಿನಲ್ಲಿ ಇಷ್ಟಪಟ್ಟು ಸೇರಿಸಿಕೊಂಡಿದ್ದ ಇನ್ನೊಂದು ಮನೋವಿಜ್ಞಾನ ಪಾಠವನ್ನು ‘ಡಬ್ಲ್ಯೂ’ ಬೀಳದಂತೆ ಗಡುವಿನೊಳಗೇ ಬಿಡಲು ಹೇಳಿದೆ. ಅದರ ಜಾಗಕ್ಕೆ ಅಕ್ಟೋಬರಿನಲ್ಲಿ ಆರಂಭವಾಗುವ ಅಲ್ಪಾವಧಿಯ ಸಂಖ್ಯಾಶಾಸ್ತ್ರ, ಜೊತೆಗೆ ಅದಕ್ಕೆ ಅಂಟಿಕೊಂಡ ಬೆಂಬಲ ತರಗತಿ. ಹಳೆಯ ‘ಡಬ್ಲ್ಯೂ’ ಸರಾಸರಿ ಅಂಕಕ್ಕೆ ಸೇರುವುದಿಲ್ಲ ಎಂದು ತಿಳಿದ ಮೇಲೆ ಬಾಟಲಿ ಕೆಳಗಿಟ್ಟಳು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆರು ಕ್ಯಾಂಪಸ್‌ಗಳು ಷರತ್ತು ಪೂರೈಸಿದವರಿಗೆ ಪ್ರವೇಶದ ಖಾತರಿ ಕೊಡುತ್ತವೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಸ್. ಒಂದಕ್ಕಷ್ಟೇ ಅರ್ಜಿ ಹಾಕಬಹುದು, ಅದೂ ಸೆಪ್ಟೆಂಬರ್ 30ರೊಳಗೆ. ಬರ್ಕ್‌ಲಿ ಆ ಪಟ್ಟಿಯಲ್ಲಿಲ್ಲ; ಆಸೆಯಿದ್ದರೆ ಸಾಮಾನ್ಯ ಅರ್ಜಿಯಲ್ಲಿ ಅದನ್ನೂ ಸೇರಿಸಲಿ, ಆದರೆ ಖಾತರಿಯ ಅರ್ಜಿ ಮೊದಲು ಹೋಗಲಿ ಎಂದೆ. ಯಾವ ಕ್ಯಾಂಪಸ್ ಯಾವ ಪಾಠ ಕೇಳುತ್ತದೆ ಎಂಬುದನ್ನು ‘ಅಸಿಸ್ಟ್’ ಜಾಲತಾಣದಲ್ಲಿ ನೋಡಿ ಮುದ್ರಿಸಿಕೊಂಡು ಬರಲು ಹೇಳಿದೆ. ಗೆಳತಿಯರ ಮಾತಿನ ಮೇಲೆ ಪಾಠ ಆರಿಸುವವರೇ ಇಲ್ಲಿ ಜಾಸ್ತಿ. ನಿದ್ದೆಯ ವಿಷಯ ನನ್ನ ಕೆಲಸಕ್ಕೆ ಹೊರತಾದದ್ದು. ಆರೋಗ್ಯ ಕೇಂದ್ರದ ಆಪ್ತಸಮಾಲೋಚಕರ ಬಳಿ ಅವಳೆದುರೇ ಸಮಯ ಗೊತ್ತುಮಾಡಿದೆ.

ಎರಡು ದಿನ ಬಿಟ್ಟು ತಾಯಿ ಫೋನ್ ಮಾಡಿದರು. ಕಾಲೇಜು ಸೇರಿದ ಮೇಲೆ ದಾಖಲೆಗಳ ಹಕ್ಕು ವಿದ್ಯಾರ್ಥಿಯದು. ಮಗಳು ಬರೆದುಕೊಡದೆ ನಾನು ಬಾಯಿ ಬಿಡುವಂತಿಲ್ಲ. “ಹೆತ್ತವಳಿಗೂ ಹೇಳುವುದಿಲ್ಲವೇ?” ಎಂದು ನೊಂದುಕೊಂಡರು. ಮುಂದಿನ ಭೇಟಿಗೆ ಮಗಳೇ ಅವರನ್ನು ಕರೆತಂದಳು. ಈ ವಿಷಯ ಓದಿದರೆ ಕೆಲಸ ಏನು ಎಂದು ಕೇಳಿದರು. ಬಿ.ಎ. ಒಂದರಿಂದಲೇ ಮನೋಚಿಕಿತ್ಸಕಿಯಾಗುವುದಿಲ್ಲ ಎಂದೆ. ದಂಪತಿ, ಕುಟುಂಬಗಳ ಮನೋಚಿಕಿತ್ಸಕರ ಪರವಾನಗಿಗೆ ಸ್ನಾತಕೋತ್ತರ ಪದವಿ, ಮೇಲ್ವಿಚಾರಣೆಯಲ್ಲಿ 3,000 ಗಂಟೆಗಳ ಕೆಲಸ, ಪರೀಕ್ಷೆಗಳು, ಮನೋವಿಜ್ಞಾನಿಯಾಗಲು ಡಾಕ್ಟರೇಟ್. ಇಷ್ಟು ಉದ್ದದ ಓದಿನಲ್ಲಿ ಮೊದಲ ಎರಡು ವರ್ಷ ಇಲ್ಲಿ ಓದಿದ್ದು ಜಾಣತನವೇ: ಪಾಠದ ಅಳತೆಯಾದ ಯೂನಿಟ್‌ಗೆ 46 ಡಾಲರ್‌ನಂತೆ 60 ಯೂನಿಟ್‌ಗೆ 2,760 ಡಾಲರ್. ಕೊನೆಯ ಪದವಿ ಪತ್ರದಲ್ಲಿ ವಿಶ್ವವಿದ್ಯಾಲಯದ ಹೆಸರೇ ಇರುತ್ತದೆ ಎಂದಾಗ ಆಕೆ ಮೊದಲ ಸಲ ಕುರ್ಚಿಗೆ ಒರಗಿ ಕುಳಿತರು.

ಇನ್ನೊಂದು ಮಾತನ್ನು ಇಬ್ಬರ ಎದುರೂ ಹೇಳಿದೆ. ಸಂಖ್ಯಾಶಾಸ್ತ್ರ ಈ ಸಲವೂ ಕೈಕೊಟ್ಟರೆ ಮೂರನೆಯ ವರ್ಷ ಇಲ್ಲೇ ಇರಲಿ. ನೆಂಟರಿಗೆ ಕೊಟ್ಟ ಲೆಕ್ಕ ಸರಿಹೊಂದಿಸಲೆಂದು ಅರೆಬರೆ ತಯಾರಿಯಲ್ಲಿ ಅವಳನ್ನು ಕಳಿಸಬೇಡಿ.