ಊರಲ್ಲೇ ರಜೆ, ಕಡಲಿನ ಹೊತ್ತಿಗೆ

ಪ್ರಶ್ನೆ: ನಾವಿರುವುದು ಸಮುದ್ರದ ಪಕ್ಕದ ನಗರದಲ್ಲಿ. ಈ ಬೇಸಿಗೆಯಲ್ಲಿ ಎಲ್ಲಿಗೂ ಹೋಗುವ ಹಾಗಿಲ್ಲ, ಊರಲ್ಲೇ ಒಂದು ವಾರ ಸ್ಟೇಕೇಶನ್ ಮಾಡೋಣ ಅಂದುಕೊಂಡಿದ್ದೇವೆ. ಮಕ್ಕಳು ಮಾತ್ರ ‘ಅದೇ ಬೀಚು, ಅದೇ ಮರಳು’ ಅಂತ ಈಗಲೇ ಮುಖ ಊದಿಸಿಕೊಂಡಿದ್ದಾರೆ. ಏನು ಮಾಡಲಿ?

ಉತ್ತರ: ಮಕ್ಕಳು ಹೇಳುವುದರಲ್ಲಿ ತಪ್ಪಿಲ್ಲ. ಊರಿನವರು ಬೀಚಿಗೆ ಹೋಗುವುದು ಸಂಜೆ ಮಾತ್ರ, ಅದೂ ದಾರಿ ಮುಗಿಯುವ ಅದೇ ಜಾಗಕ್ಕೆ. ಕತ್ತಲಾದರೆ ವಾಪಸ್. ಹಾಗೆ ನೋಡಿದರೆ ಯಾವ ಸಮುದ್ರವಾದರೂ ಬೇಜಾರಾಗುತ್ತದೆ. ಈ ಒಂದು ವಾರ ನಿಮ್ಮ ಹೊತ್ತು ಬಿಟ್ಟು ಕಡಲಿನ ಹೊತ್ತು ನೋಡಿಕೊಂಡು ಹೊರಡಿ.

ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಪಕ್ಕದಲ್ಲೇ ಉಬ್ಬರ ಇಳಿತದ ಪಟ್ಟಿ ಅಂಟಿಸಿರುತ್ತೇನೆ. ಫೋನಿನಲ್ಲೂ ಸಿಗುತ್ತದೆ. ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿದ ನೀರು ಪೂರ್ತಿ ಇಳಿಯಲು ಆರು ಗಂಟೆಗಿಂತ ಸ್ವಲ್ಪ ಜಾಸ್ತಿ ಬೇಕು. ಮಾರನೇ ದಿನ ಅದೇ ಇಳಿತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಇವತ್ತು ಬೆಳಗ್ಗೆ 6ಕ್ಕಿದ್ದರೆ ನಾಳೆ 7ರ ಹತ್ತಿರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ತುಂಬಾ ದೂರ ಹಿಂದಕ್ಕೆ ಸರಿಯುತ್ತದೆ. ಅಂಥ ದಿನ ನಿಮ್ಮ ರಜೆಯಲ್ಲಿ ಬಂದರೆ ಬಿಡಬೇಡಿ.

ಬಂಡೆಗಳಿರುವ ತೀರ ಹುಡುಕಿ. ಇಳಿತಕ್ಕೆ ಒಂದು ಗಂಟೆ ಮೊದಲೇ ಅಲ್ಲಿರಬೇಕು. ನೀರು ಹಿಂದೆ ಸರಿದ ಹಾಗೆ ನೀವೂ ಮುಂದೆ ಹೋಗಬಹುದು, ಏರಲು ಶುರುವಾದ ಕೂಡಲೇ ಎದ್ದು ಬಂದುಬಿಡಬೇಕು. ಬಂಡೆಯ ನಡುವೆ ನೀರು ನಿಂತ ಹೊಂಡದ ಪಕ್ಕ ಸುಮ್ನೆ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಮೊದಲು ಏನೂ ಕಾಣುವುದಿಲ್ಲ. ನಿಮ್ಮ ನೆರಳು ಅಲುಗಾಡುವುದು ನಿಂತ ಮೇಲೆ, ಇಷ್ಟು ಹೊತ್ತು ಬಿದ್ದುಕೊಂಡಿದ್ದ ಒಂದು ಶಂಖ ಮೆಲ್ಲಗೆ ನಡೆಯತೊಡಗುತ್ತದೆ. ಒಳಗಿರುವುದು ಸನ್ಯಾಸಿ ಏಡಿ. ಅದರ ಹಿಂಭಾಗ ಮೆತ್ತಗೆ, ಗಟ್ಟಿ ಚಿಪ್ಪಿಲ್ಲ. ಅದಕ್ಕೇ ಖಾಲಿ ಶಂಖ ಹುಡುಕಿ ಒಳಗೆ ಸೇರಿಕೊಳ್ಳುತ್ತದೆ. ಮೈ ಬೆಳೆದಂತೆ ಇನ್ನೂ ದೊಡ್ಡದು ಬೇಕು. ಕೆಲವೊಮ್ಮೆ ಹೊಸ ಶಂಖದ ಬಾಯಿಗೆ ಕಾಲು ತೂರಿಸಿ, ಒಳಗೆಲ್ಲ ತಡಕಾಡಿ, ಆಮೇಲೆ ಚಕ್ಕನೆ ಮನೆ ಬದಲಿಸಿಬಿಡುತ್ತದೆ. ಇದನ್ನು ಕಣ್ಣಾರೆ ಕಂಡ ದಿನದಿಂದ ನನ್ನ ಮಗಳು ಶಂಖ ಹೆಕ್ಕಿ ಮನೆಗೆ ತರುವುದು ಬಿಟ್ಟಳು. ನಾನು ಬೈದು ಹೇಳಿದಾಗ ಕೇಳಿರಲಿಲ್ಲ. ಒಂದು ಮಾತು: ನೋಡಲೆಂದು ಕಲ್ಲು ಎತ್ತಿದರೆ ಇದ್ದ ಹಾಗೇ ತಿರುಗಿ ಇಡಿಸಿ. ಅಡಿಯಲ್ಲಿ ನೆರಳು, ತೇವ ನಂಬಿಕೊಂಡ ಜೀವಗಳಿರುತ್ತವೆ.

10ರಿಂದ 4ರವರೆಗೆ ಬೀಚ್ ಬೇಡ. ಇಳಿತ ನಡು ಮಧ್ಯಾಹ್ನಕ್ಕೆ ಬಿದ್ದರೆ ಅವತ್ತು ಬಂಡೆಯ ಕಡೆಗೂ ಬೇಡ. ನೆಲ ಬೇಗ ಕಾಯುತ್ತದೆ, ನೀರು ನಿಧಾನಕ್ಕೆ. ಕಾದ ನೆಲದ ಗಾಳಿ ಮೇಲೇರಿದಾಗ ಕಡಲಿನ ತಂಪು ಗಾಳಿ ಒಳಗೆ ನುಗ್ಗುತ್ತದೆ. ಮಧ್ಯಾಹ್ನ ಕಳೆದ ಮೇಲೆ ಅದು ಜೋರು. ಹಾಯೆನಿಸುತ್ತದೆ, ಅಲ್ವಾ? ಚರ್ಮ ಸುಡುತ್ತಿರುವುದು ಗೊತ್ತಾಗದಿರುವುದೂ ಆ ತಂಪಿನಿಂದಲೇ. ಆ ಗಾಳಿಯನ್ನು ಮನೆಯೊಳಗೆ ಕರೆದುಕೊಳ್ಳಿ: ಕಡಲ ಕಡೆಯ ಕಿಟಕಿ, ಅದರೆದುರಿನ ಕಿಟಕಿ ಎರಡೂ ತೆರೆದು ಮಲಗಿ.

ರಾತ್ರಿಗೆ ಲೈಟ್‌ಹೌಸ್ ಇದೆ. ಹಡಗಿನವರು ತಾವೆಲ್ಲಿದ್ದೇವೆ ಎಂದು ಗುರುತು ಹಿಡಿಯಲೆಂದೇ ಅಕ್ಕಪಕ್ಕದ ಲೈಟ್‌ಹೌಸ್‌ಗಳ ದೀಪ ಮಿನುಗುವ ಲೆಕ್ಕ ಬೇರೆ ಬೇರೆ ಇಟ್ಟಿರುತ್ತಾರೆ. ಮಕ್ಕಳ ಕೈಗೆ ವಾಚ್ ಕೊಟ್ಟು ನಿಮ್ಮೂರಿನದು ಎಷ್ಟು ಸೆಕೆಂಡಿಗೊಮ್ಮೆ ಎಂದು ಎಣಿಸಲು ಹೇಳಿ. ಫೆರಿ ಅಥವಾ ದೋಣಿ ಇದ್ದರೆ ಒಮ್ಮೆ ನೀರಿನ ಮೇಲಿಂದ ಊರನ್ನು ನೋಡಿ. ದಿನಾ ಓಡಾಡುವ ಬೀದಿ ಯಾವುದು ಎಂದು ಗುರುತು ಹಿಡಿಯಲು ಕಷ್ಟವಾಗುತ್ತದೆ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆಯಲ್ಲೇ ರಜೆ ಅಂದರೆ ಅಡುಗೆಮನೆಯಲ್ಲಿರುವವರಿಗೆ ಮಾತ್ರ ರಜೆ ಇಲ್ಲ ಎಂದಾಗಬಾರದು. ಒಗೆಯುವುದು, ಗುಡಿಸುವುದು, ಬೇಯಿಸುವುದು ಯಾರ ಪಾಲಿಗೆ ಯಾವ ದಿನ ಎಂದು ಮೊದಲೇ ಬರೆದು ಗೋಡೆಗೆ ಅಂಟಿಸಿ. ಆಫೀಸಿನ ಫೋನೂ ಆ ವಾರ ಬಂದ್.

ಪ್ರಶ್ನೆ: ಮಗನಿಗೆ ಹದಿನಾರು. ರಜೆಯಲ್ಲಿ ಗೆಳೆಯರ ಜೊತೆ ಸಮುದ್ರದಲ್ಲಿ ಈಜುತ್ತೇನೆ ಎನ್ನುತ್ತಾನೆ. ಕೊಳದಲ್ಲಿ ಚೆನ್ನಾಗಿ ಈಜುತ್ತಾನೆ. ಕಳಿಸಬಹುದೇ?

ಉತ್ತರ: ಜೀವರಕ್ಷಕರು ಇರುವ ಕಡೆಗೆ, ಅವರು ಇರುವ ಹೊತ್ತಿಗೆ ಮಾತ್ರ ಕಳಿಸಿ. ಕೆಂಪು ಹಳದಿ ಬಾವುಟ ನೆಡುವ ಬೀಚುಗಳಲ್ಲಿ ಆ ಎರಡು ಬಾವುಟಗಳ ನಡುವೆಯೇ ಇಳಿಯಬೇಕು. ಕೆಂಪು ಬಾವುಟ ಮಾತ್ರ ಹಾರುತ್ತಿದ್ದರೆ ವಾಪಸ್ ಬರಬೇಕು. ಕೊಳದ ಈಜು ಸಮುದ್ರದ ಸೆಳೆತಕ್ಕೆ ಸಾಲದು. ದಡಕ್ಕೆ ಬಂದ ನೀರು ಒಂದು ಕಿರಿದಾದ ದಾರಿ ಹಿಡಿದು ತಿರುಗಿ ಕಡಲಿನ ಒಳಗೆ ಹರಿಯುತ್ತದೆ. ಎಂಥ ಈಜುಗಾರನೂ ಅದರ ಎದುರು ಈಜಿ ಸುಸ್ತಾಗುತ್ತಾನೆ. ಎರಡು ಕಡೆ ಅಲೆ ಒಡೆಯುತ್ತಾ, ನಡುವೆ ಒಂದು ಪಟ್ಟಿ ಮಾತ್ರ ಸಪ್ಪಗೆ, ಸ್ವಲ್ಪ ಕಪ್ಪಾಗಿ ಕಂಡರೆ ಅಲ್ಲಿ ಸೆಳೆತ ಇರಬಹುದು. ಹುಡುಗರು ‘ಇಲ್ಲಿ ಅಲೆ ಕಮ್ಮಿ’ ಎಂದು ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ಗಾಬರಿಯಾಗದೆ ತೇಲಬೇಕು, ಕೈ ಎತ್ತಿ ಕರೆಯಬೇಕು. ಶಕ್ತಿ ಇದ್ದರೆ ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ, ಸೆಳೆತ ದಾಟಿದ ಮೇಲೆ ದಡದ ಕಡೆ ತಿರುಗಬೇಕು. ಇದನ್ನು ಅವನ ಬಾಯಲ್ಲೇ ಹೇಳಿಸಿ. ಗೆಳೆಯರಿಗೂ ಹೇಳಿಸಿ, ಯಾಕೆಂದರೆ ಕಾಪಾಡಲು ಹೋದ ಗೆಳೆಯನೇ ಮುಳುಗುವುದೂ ಉಂಟು.

ಪ್ರಶ್ನೆ: ಅತ್ತೆಗೆ ಮಂಡಿ ನೋವು. ಮರಳಿನಲ್ಲಿ ನಡೆಯಲು ಆಗುವುದಿಲ್ಲ. ಅವರನ್ನು ಬಿಟ್ಟು ಹೋಗಲು ಮನಸ್ಸಿಲ್ಲ.

ಉತ್ತರ: ಬಿಟ್ಟು ಹೋಗಬೇಡಿ. ಕಷ್ಟ ಕೊಡುವುದು ಒಣ ಮರಳು, ಕಾಲು ಹೂತುಹೋಗುತ್ತದೆ. ನೀರು ಈಗಷ್ಟೇ ಇಳಿದ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಕೈ ಹಿಡಿದರೆ ಬಹಳ ಜನ ಆರಾಮವಾಗಿ ನಡೆಯುತ್ತಾರೆ. ಅಲ್ಲಿವರೆಗೆ ಹೋಗುವುದೇ ಕಷ್ಟ ಎಂದರೆ ತೀರದ ರಸ್ತೆಯಲ್ಲಿ ಬೆಂಚಿರುವ ಕಡೆ ಬೆಳಗ್ಗೆ ಬೇಗ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂತು ಮಾತಾಡಿ. ಕಡಲ ಪಕ್ಕದ ತೇವಕ್ಕೆ ಬೆವರು ಆರುವುದಿಲ್ಲ, ಸೆಕೆ ಒಳಗೇ ಉಳಿಯುತ್ತದೆ. ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದೂ ಕಮ್ಮಿ. ಕೇಳುವವರೆಗೆ ಕಾಯದೆ ಆಗಾಗ ನೀರು ಕೊಡುತ್ತಿರಿ.